ಮಣೆಯಿಂದ ಮೊಬೈಲಿಗೆ: ಆಟಗಳಲ್ಲಿ ಹೊಸತನದ ಏರಿಳಿತ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರದ ಮಾತಿನಲ್ಲಿ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ‘ಇವತ್ತ್ ಆಟ ಇತ್ತ್’ ಎಂದರೆ ಊರಿಗೆ ಮೇಳ ಬಂದಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಜಗಲಿಯ ಮೇಲೆ ಹರಡುವ ಚೆನ್ನೆಮಣೆಯೂ ಆಟವೇ. ಮಕ್ಕಳ ಕೈಯಲ್ಲಿರುವ ಮೊಬೈಲಿನ ಪರದೆಯಲ್ಲಿ ನಡೆಯುವುದಕ್ಕೂ ಇಂದು ಅದೇ ಹೆಸರು. ಈ ಮೂರರಲ್ಲಿ ವಿಡಿಯೊ ಗೇಮ್ ಅತ್ಯಂತ ಕಿರಿಯದು, ಅದಕ್ಕಿನ್ನೂ ಏಳು ದಶಕಗಳೂ ತುಂಬಿಲ್ಲ. ಆದರೂ ಅದರಲ್ಲಿ ಸ್ವಂತಿಕೆ ಬತ್ತುತ್ತಿದೆ, ಹಳೆಯದನ್ನೇ ತಿರುತಿರುಗಿ ಮಾರಲಾಗುತ್ತಿದೆ ಎಂಬ ದೂರು ಹಲವು ವರ್ಷಗಳಿಂದ ಕೇಳಿಬರುತ್ತಿದೆ.

ದೂರು ಎಷ್ಟರಮಟ್ಟಿಗೆ ನಿಜ ಎಂದು ತಿಳಿಯಲು ಆಟದ ಹೊಸತನವನ್ನು ಮೂರು ಪದರಗಳಲ್ಲಿ ಬೇರ್ಪಡಿಸಿ ನೋಡುವುದು ಅನುಕೂಲ. ಮೊದಲನೆಯದು ಕಟ್ಟಳೆ: ಆಡುವವರು ಏನು ಮಾಡಬಹುದು, ಏನು ಮಾಡಬಾರದು, ಗೆಲುವು ಯಾವುದು. ಎರಡನೆಯದು ವೇಷ: ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ರೂಪ. ಮೂರನೆಯದು ಕಥೆ. ಒಂದು ಪದರ ಹಳೆಯದಾಗಿದ್ದೂ ಇನ್ನೊಂದು ಹೊಸದಾಗಿರಬಹುದು. ಈ ಮೂರೂ ಒಟ್ಟಿಗೆ ನಿಂತುಹೋದಾಗ ಮಾತ್ರ ಆಟ ಜಡವಾಯಿತು ಎನ್ನಬೇಕಾಗುತ್ತದೆ.

ಮಣೆಯ ಆಟಗಳು

ಘಟ್ಟದ ಮೇಲಿನ ಅಳಗುಳಿಮಣೆಯೇ ಕರಾವಳಿಯ ಚೆನ್ನೆಮಣೆ. ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಯಿ. ಮಂಜೊಟ್ಟಿಯೋ ಹುಣಸೆಬೀಜವೋ ಕಾಯಿಯಾಗುತ್ತದೆ. ಆಡುವವರು ತಮ್ಮ ಸಾಲಿನ ಒಂದು ಗುಳಿಯನ್ನು ಬರಿದು ಮಾಡಿ, ಆ ಕಾಯಿಗಳನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುತ್ತಾರೆ. ಕೈಯಲ್ಲಿರುವುದು ಮುಗಿದರೆ ಅದರ ಮುಂದಿನ ಗುಳಿಯದನ್ನು ತೆಗೆದು ಆಟ ಮುಂದುವರಿಸುತ್ತಾರೆ. ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯ ಕಾಯಿಗಳು ಅವರ ಪಾಲು, ಆಟ ಎದುರಾಳಿಯದು. ಇದು ಸಾಮಾನ್ಯ ಕ್ರಮ. ಪಳಗಿದವರು ಗುಳಿಗೆ ಕೈ ಹಾಕುವ ಮುನ್ನವೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿರುತ್ತಾರೆ. ಅವರ ಬೆರಳು ನಾಲ್ಕು ಗುಳಿಗಳ ಮೇಲೆ ಸುಳಿದಾಡಿ ಐದನೆಯದಕ್ಕೆ ಇಳಿಯುವಾಗ ಎದುರು ಕುಳಿತವರ ಕಣ್ಣು ಆ ಬೆರಳನ್ನೇ ಹಿಂಬಾಲಿಸುತ್ತಿರುತ್ತದೆ.

ಇದೇ ಮಣೆ, ಇದೇ ಕಾಯಿಗಳ ಮೇಲೆ ತುಳುನಾಡಿನಲ್ಲಿ ಕಟ್ಟಾಟ, ಅರಸಾಟ, ಜೋಡುಪೆರ್ಗ, ಒಬ್ಬರೇ ಕುಳಿತು ಆಡುವ ಸೀತೆಯಾಟ ಎಂಬ ಬೇರೆ ಬೇರೆ ಆಟಗಳು ಬೆಳೆದವು. ಉಪಕರಣ ಬದಲಾಗಲಿಲ್ಲ, ಕಟ್ಟಳೆ ಕವಲೊಡೆಯಿತು. ಯಾರ ಅನುಮತಿಯನ್ನೂ ಬೇಡದೆ ಒಂದು ಮನೆಯವರು ಕಟ್ಟಳೆಯನ್ನು ತಿದ್ದಬಹುದಿತ್ತು. ತಿದ್ದಿದ್ದು ಸರಿಬಂದರೆ ನೆರೆಮನೆಗೆ ಹೋಗುತ್ತಿತ್ತು, ಬಾರದಿದ್ದರೆ ಆ ಸಂಜೆಗೇ ಮುಗಿಯುತ್ತಿತ್ತು. ಸೋತ ಪ್ರಯೋಗಕ್ಕೆ ಯಾರೂ ಬೆಲೆ ತೆರಬೇಕಾಗಿರಲಿಲ್ಲ.

ಮಣೆಯಾಟ ಕಥೆಯನ್ನೂ ಹೊತ್ತಿತ್ತು. ತುಳುವಿನ ಸಿರಿ ಕಥನದಲ್ಲಿ ಅಬ್ಬಗ–ದಾರಗರೆಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಿರುವಾಗ ಜಗಳ ಹುಟ್ಟಿ, ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳನ್ನು ಕೊಲ್ಲುತ್ತಾಳೆ, ಬಳಿಕ ತಾನೂ ಪ್ರಾಣ ಬಿಡುತ್ತಾಳೆ. ಎದುರಾಳಿಯ ಗುಳಿ ಬರಿದಾಗುವುದರಲ್ಲೇ ತನ್ನ ಗೆಲುವಿರುವ ಆಟವೊಂದು ಒಡಹುಟ್ಟಿದವರ ದುರಂತದ ಒಳಗೆ ಸೇರಿಕೊಂಡದ್ದು ಹೀಗೆ.

ಹೊಸ ಆಟಗಳನ್ನು ಉದ್ದೇಶಪೂರ್ವಕವಾಗಿ ರೂಪಿಸಿದ ಚರಿತ್ರೆಯೂ ಕರ್ನಾಟಕಕ್ಕಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಯಾಟದ ಹಲವು ಹೊಸ ಬಗೆಗಳನ್ನು ರಚಿಸಿದರು. ಅವುಗಳಲ್ಲಿ ಕೆಲವಕ್ಕೆ 360 ಎಲೆಗಳವರೆಗೆ ಬೇಕಾಗುತ್ತಿತ್ತು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಸಾಗುವ ಸಮಸ್ಯೆಗೆ ಅವರು ಪರಿಹಾರಗಳನ್ನು ಕಟ್ಟಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಈ ಪರಂಪರೆಯ ಮಣೆಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ, ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಜನರ ಕೈಗೆ ತಲುಪಿಸುತ್ತ ಬಂದಿದೆ.

ಮಣೆಯಾಟಗಳ ಇನ್ನೊಂದು ಪಯಣ ಪಗಡೆಯದು. ಪಗಡೆಯ ಜಾತಿಗೆ ಸೇರಿದ ಭಾರತದ ಪಚ್ಚೀಸಿಯನ್ನು ಸರಳಗೊಳಿಸಿದ ರೂಪ 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ‘ಲೂಡೊ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. 2016ರಲ್ಲಿ ನವಿ ಮುಂಬೈಯ ಸಂಸ್ಥೆಯೊಂದು ಅದನ್ನೇ ‘ಲೂಡೊ ಕಿಂಗ್’ ಎಂಬ ಆ್ಯಪ್ ಮಾಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಅದು ದೇಶದ ಮನೆಮನೆಯನ್ನೂ ತಲುಪಿತು. ಹೊರಟ ಆಟವೇ ಮರಳಿ ಬಂದಿತ್ತು, ಆದರೆ ಕಟ್ಟಳೆಗಳು ಈಗ ಕೋಡ್‌ನೊಳಗೆ ಸೇರಿದ್ದವು. ಇದೇ ಬಗೆಯ ಚೌಕಾಬಾರದಲ್ಲಿ ಕವಡೆ ಮಗುಚುವ ಮುನ್ನ ‘ನಮ್ಮನೇಲಿ ಹೀಗೆ ಆಡುವುದು’ ಎಂದು ಹೇಳುವ ಅವಕಾಶ ಆಡುವವರಿಗಿತ್ತು. ಪರದೆಯ ಮೇಲೆ ತಯಾರಕರು ಕೊಟ್ಟಷ್ಟು ಆಯ್ಕೆ ಮಾತ್ರ ಉಳಿಯಿತು.

ಗೊಂಬೆ ಮತ್ತು ರಂಗ

ಚಿಕ್ಕ ಚೌಕಟ್ಟಿನೊಳಗೆ ಒಂದು ಆಕೃತಿ, ಅದರ ಚಲನೆ ಹೊರಗೆ ನಿಂತವರ ಬೆರಳುಗಳಲ್ಲಿ. ಈ ಕಲೆ ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿಗೆ ತಲೆಮಾರುಗಳಿಂದ ಪರಿಚಿತ. ಅಲ್ಲಿನ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಸೂತ್ರದ ಗೊಂಬೆಗಳು ಬಡಗುತಿಟ್ಟಿನ ವೇಷ ತೊಟ್ಟು, ಭಾಗವತರ ಹಾಡಿಗೂ ಚೆಂಡೆ ಮದ್ದಳೆಗೂ ಹೆಜ್ಜೆ ಹಾಕುತ್ತವೆ. ಕೊಗ್ಗ ಕಾಮತರು ಇದನ್ನು ನಾಡಿನಾಚೆಗೂ ಪರಿಚಯಿಸಿದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಮಂಡಳಿಯನ್ನು ಮುನ್ನಡೆಸಿದ್ದಾರೆ. ಗೊಂಬೆಯ ಮುಖ ಅಲುಗದು. ರಾವಣನ ಸಿಟ್ಟೂ ಸೀತೆಯ ದುಃಖವೂ ಸೂತ್ರವನ್ನು ಎಷ್ಟು ಬಿಗಿಹಿಡಿದರು, ಎಲ್ಲಿ ಸಡಿಲಬಿಟ್ಟರು ಎಂಬುದರಲ್ಲೇ ಕಾಣಿಸಬೇಕು. ಸಾಧನ ಮಿತವಾಗಿದ್ದಷ್ಟೂ ಆಡಿಸುವವರ ಕಲ್ಪನೆಗೆ ಕೆಲಸ ಹೆಚ್ಚು.

ಹೊಸತನದ ಚರ್ಚೆಗೆ ಯಕ್ಷಗಾನ ಇನ್ನೂ ದೊಡ್ಡ ಉದಾಹರಣೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮದಂಥ ಮೇಳಗಳ ಈ ನಾಡಿನಲ್ಲಿ ಪ್ರೇಕ್ಷಕರಿಗೆ ಪ್ರಸಂಗದ ಕಥೆ ಮೊದಲೇ ಗೊತ್ತಿರುತ್ತದೆ. ಪದ್ಯಗಳೂ ನಿಗದಿಯಾಗಿರುತ್ತವೆ. ಪದ್ಯ ಮುಗಿದ ಮೇಲೆ ವೇಷಧಾರಿ ಹೇಳುವ ಅರ್ಥ ಮಾತ್ರ ಆಶುವಾದದ್ದು. ಒಂದೇ ‘ಕರ್ಣಪರ್ವ’ದಲ್ಲಿ ಒಬ್ಬರ ಕರ್ಣ ಋಣದ ಬಗ್ಗೆ ವಾದಿಸಿದರೆ ಇನ್ನೊಬ್ಬರ ಕರ್ಣ ಕುಲದ ಅವಮಾನದ ಬಗ್ಗೆ ವಾದಿಸುತ್ತಾನೆ. ಕಥೆಯ ಪದರ ಹಳೆಯದು, ಅದರೊಳಗಿನ ಆಟ ಅಂದಂದಿನದು. ಹಳೆಯ ಕಥೆಯನ್ನು ಬಳಸಿದ ಮಾತ್ರಕ್ಕೆ ಸ್ವಂತಿಕೆ ಇಲ್ಲವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಹಣ ಬರುವ ದಾರಿ ಆಟದ ರೂಪವನ್ನು ಹೇಗೆ ತಿದ್ದುತ್ತದೆ ಎಂಬುದೂ ಇಲ್ಲಿಯೇ ಕಾಣುತ್ತದೆ. ಹರಕೆ ಆಟದ ಖರ್ಚನ್ನು ಸೇವಾಕರ್ತರ ಮನೆ ಹೊರುತ್ತದೆ, ಊರಿನವರೆಲ್ಲ ಟಿಕೆಟಿಲ್ಲದೆ ನೋಡುತ್ತಾರೆ. ಮಂದಾರ್ತಿಯಂಥ ಕ್ಷೇತ್ರದಲ್ಲಿ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಡೇರೆ ಮೇಳಗಳಿಗೆ ಟಿಕೆಟ್ ಮಾರಾಟವೇ ಆಧಾರ. ಹಾಗಾಗಿ ಅವು ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗ ತಂದವು, ಸಾಮಾಜಿಕ ಕಥೆಗಳನ್ನು ರಂಗಕ್ಕೇರಿಸಿದವು, ಸಿನಿಮಾದ ಛಾಯೆಯನ್ನೂ ಬಿಟ್ಟುಕೊಂಡವು. ಹೊಸದು ಬಂತೆಂದು ಕೆಲವರು ಹಿಗ್ಗಿದರು, ಸತ್ವ ಹೋಯಿತೆಂದು ಕೆಲವರು ಕೊರಗಿದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮೂರನೆಯ ದಾರಿ ಹಿಡಿದು, ಮಾತನ್ನು ಕಡಿಮೆ ಮಾಡಿ, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ, ನೃತ್ಯಪ್ರಧಾನವಾದ ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ವಿಡಿಯೊ ಗೇಮ್‌ಗಳ ಬಗ್ಗೆ ಇಂದು ನಡೆಯುತ್ತಿರುವ ವಾದದ ಎಲ್ಲ ಎಳೆಗಳೂ ಈ ರಂಗದಲ್ಲಿ ಮೊದಲೇ ಬಂದುಹೋಗಿವೆ.

ಪರದೆಯ ಆಟದ ಹುಟ್ಟು

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಸಂದರ್ಶಕರ ಮನರಂಜನೆಗಾಗಿ ಆಸಿಲೊಸ್ಕೋಪ್ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಮೂಡಿಸಿದರು. 1962ರಲ್ಲಿ ಎಂಐಟಿಯ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಬರೆದರು. ಎರಡೂ ಮಾರಾಟದ ಸರಕಾಗಿರಲಿಲ್ಲ. 1972ರಲ್ಲಿ ಅಟಾರಿ ಸಂಸ್ಥೆಯ ‘ಪಾಂಗ್’ ಬಂದಾಗ ವಿಡಿಯೊ ಗೇಮ್ ಉದ್ಯಮವಾಯಿತು, ಅದರ ಜತೆಗೇ ನಕಲಿನ ವ್ಯಾಜ್ಯವೂ ಹುಟ್ಟಿತು. ಅದೇ ವರ್ಷ ಮಾರುಕಟ್ಟೆಗೆ ಬಂದಿದ್ದ ರಾಲ್ಫ್ ಬೇಯರ್ ಅವರ ಯಂತ್ರದಲ್ಲಿ ಟೆನಿಸ್ ಆಟವಿತ್ತು. ಅದನ್ನು ತಯಾರಿಸಿದ ಮ್ಯಾಗ್ನವಾಕ್ಸ್ ಸಂಸ್ಥೆ ಅಟಾರಿಯ ಮೇಲೆ ಮೊಕದ್ದಮೆ ಹೂಡಿತು. 1976ರಲ್ಲಿ ರಾಜಿಯಾಯಿತು.

ಮುಂದಿನ ವರ್ಷಗಳಲ್ಲಿ ಕಟ್ಟಳೆಯ ಪದರದಲ್ಲೇ ಹೊಸದು ಬಂತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ರೂಪಿಸಿದರು. 1980ರಲ್ಲಿ ತೊರು ಇವಾತಾನಿ ಗುಂಡು ಹಾರಿಸುವ ಬದಲು ತಿನ್ನುವುದನ್ನೇ ಆಟವಾಗಿಸಿ ‘ಪ್ಯಾಕ್‌ಮ್ಯಾನ್’ ಮಾಡಿದರು. 1981ರಲ್ಲಿ ಶಿಗೆರು ಮಿಯಾಮೊತೊ ‘ಡಾಂಕಿ ಕಾಂಗ್’ನಲ್ಲಿ ಜಿಗಿತವನ್ನು ತಂದರು.

ಮೊದಲ ಕುಸಿತ 1983ರಲ್ಲಿ ಉತ್ತರ ಅಮೆರಿಕದಲ್ಲಿ ಆಯಿತು. ಒಂದರಂತೆ ಇನ್ನೊಂದಿರುವ ಕಳಪೆ ಆಟಗಳು ಅಂಗಡಿಗಳಲ್ಲಿ ತುಂಬಿಹೋಗಿದ್ದವು. ‘ಇ.ಟಿ.’ ಸಿನಿಮಾದ ಹೆಸರಿನ ಆಟವನ್ನು ಸುಮಾರು ಐದು ವಾರಗಳಲ್ಲಿ ಮುಗಿಸಿ ಮಾರುಕಟ್ಟೆಗೆ ಬಿಡಲಾಗಿತ್ತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೊದ ಮರಳುಗಾಡಿನ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅಗೆದಾಗ ಅವು ಸಿಕ್ಕವು. ನಕಲು ಹೆಚ್ಚಿ ಕೊಳ್ಳುವವರ ನಂಬಿಕೆ ಹೋದರೆ ಇಡೀ ಉದ್ಯಮವೇ ಬೀಳಬಹುದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

1984ರಿಂದ 2000ದವರೆಗಿನ ಕಾಲವನ್ನು ಫಲವತ್ತಾದ ಅವಧಿ ಎನ್ನಬಹುದು. ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಅವರ ‘ಟೆಟ್ರಿಸ್’ (1984), ನಿಂಟೆಂಡೊದ ‘ಸೂಪರ್ ಮಾರಿಯೊ ಬ್ರದರ್ಸ್’ (1985), ವಿಲ್ ರೈಟ್ ಅವರ ‘ಸಿಮ್‌ಸಿಟಿ’ (1989), ‘ಸಿವಿಲೈಸೇಷನ್’ (1991), ‘ಡೂಮ್’ (1993), ‘ದಿ ಸಿಮ್ಸ್’ (2000) ಇವೆಲ್ಲ ಬೇರೆ ಬೇರೆ ಜಾತಿಯ ಆಟಗಳನ್ನೇ ಹುಟ್ಟಿಸಿದವು ಅಥವಾ ನೆಲೆಗೊಳಿಸಿದವು. ಆ ಕಾಲದಲ್ಲೂ ನಕಲು ಇತ್ತು. ‘ಡೂಮ್’ ಬಳಿಕ ಅದೇ ಬಗೆಯ ಆಟಗಳನ್ನು ‘ಡೂಮ್ ಕ್ಲೋನ್’ ಎಂದೇ ಕರೆಯಲಾಗುತ್ತಿತ್ತು. ಆದರೆ ತಂಡಗಳು ಚಿಕ್ಕವು, ಖರ್ಚು ಮಿತವಾದದ್ದು. ಒಂದು ಆಟ ಸೋತರೂ ಇನ್ನೊಂದನ್ನು ಕಟ್ಟಲು ಸಾಧ್ಯವಿತ್ತು.

ಕರಾವಳಿಯ ಪೇಟೆಗಳೂ ಸೇರಿ ಭಾರತದ ಬಹುಪಾಲು ಮಕ್ಕಳಿಗೆ ಈ ಆಟಗಳು ತಲುಪಿದ್ದು ಮೂಲ ರೂಪದಲ್ಲಲ್ಲ. ಟಿವಿಗೆ ಜೋಡಿಸುವ ಅಗ್ಗದ ಯಂತ್ರ, ಅದಕ್ಕೆ ತುರುಕುವ ಕ್ಯಾಸೆಟ್, ಕ್ಯಾಸೆಟಿನ ಮೇಲೆ ನೂರಾರು ಆಟಗಳಿವೆ ಎಂಬ ಬರಹ. ಒಳಗೆ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಬಳಿಕ ನೋಕಿಯಾ ಫೋನಿನ ‘ಸ್ನೇಕ್’ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ಅಗ್ಗವಾದ ಮೇಲೆ ಕೊಲ್ಲೂರಿನ ಕಾಡಂಚಿನ ಮನೆಯಲ್ಲೂ ಗಂಗೊಳ್ಳಿಯ ಬಂದರಿನಲ್ಲೂ ಜಗತ್ತಿನ ಯಾವ ಮೊಬೈಲ್ ಆಟವನ್ನಾದರೂ ಇಳಿಸಿಕೊಳ್ಳುವುದು ಸಾಧ್ಯವಾಯಿತು.

ಖರ್ಚು ಏರಿದಂತೆ

ಪರದೆಯ ಚಿತ್ರ ನಿಜದಂತೆ ಕಾಣಬೇಕೆಂಬ ಪೈಪೋಟಿಯಲ್ಲಿ ತಯಾರಿಕೆಯ ವೆಚ್ಚ ಏರುತ್ತ ಹೋಯಿತು. ಅಮೆರಿಕದ ನ್ಯಾಯಾಲಯವೊಂದರಲ್ಲಿ 2023ರಲ್ಲಿ ಬಯಲಾದ ದಾಖಲೆಗಳ ಪ್ರಕಾರ ಸೋನಿಯ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ಕ್ಕೆ ತಗುಲಿದ್ದು ಸುಮಾರು 22 ಕೋಟಿ ಡಾಲರ್. ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21 ಕೋಟಿ ಡಾಲರಿಗೂ ಹೆಚ್ಚು. ಇಷ್ಟು ಹಣ ಹೂಡಿದ ಆಟ ಬಿದ್ದರೆ ಇಡೀ ಸ್ಟುಡಿಯೊ ಮುಚ್ಚಬಹುದು. ಆದ್ದರಿಂದ ಹಣ ಹೂಡುವವರು ಗೆದ್ದ ಹೆಸರನ್ನೇ ಹಿಡಿದುಕೊಳ್ಳುತ್ತಾರೆ.

ಇದರ ಪರಿಣಾಮ ಮೂರು ಬಗೆಯಲ್ಲಿ ಕಾಣುತ್ತದೆ. ಒಂದನೆಯದು ಸರಣಿ: ‘ಕಾಲ್ ಆಫ್ ಡ್ಯೂಟಿ’ 2005ರಿಂದ ಪ್ರತಿ ವರ್ಷ ಬರುತ್ತಿದೆ. 1993ರಲ್ಲಿ ಆರಂಭವಾದ ‘ಫಿಫಾ’ ಫುಟ್‌ಬಾಲ್ ಸರಣಿ 2023ರಲ್ಲಿ ಹೆಸರು ಬದಲಿಸಿ ಮುಂದುವರಿದಿದೆ. ಎರಡನೆಯದು ಮರುತಯಾರಿ: 2013ರ ‘ದಿ ಲಾಸ್ಟ್ ಆಫ್ ಅಸ್’ 2014ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಹೊಸ ಹೊದಿಕೆಯಲ್ಲಿ ಬಂತು. ಮೂರನೆಯದು ಮುಗಿಯದ ಆಟ: 2013ರ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ದಶಕ ಕಳೆದರೂ ಆನ್‌ಲೈನ್ ರೂಪದಲ್ಲಿ ಹಣ ತರುತ್ತಲೇ ಇದೆ, ಹೊಸದನ್ನು ತರುವ ಅವಸರ ತಗ್ಗಿದೆ.

ಮರುತಯಾರಿಯೆಲ್ಲ ಸೋಮಾರಿತನವಲ್ಲ. 2019ರ ‘ರೆಸಿಡೆಂಟ್ ಈವಿಲ್ 2’ ಮತ್ತು 2020ರ ‘ಫೈನಲ್ ಫ್ಯಾಂಟಸಿ 7 ರಿಮೇಕ್’ ಮೂಲದ ಕಥೆಯನ್ನಿಟ್ಟುಕೊಂಡು ಆಡುವ ಬಗೆಯನ್ನೇ ಬದಲಿಸಿದವು. ಒಂದೇ ಪ್ರಸಂಗಕ್ಕೆ ಬೇರೆ ಅರ್ಥ ಹೇಳಿದಂತೆ ಇದು. ವೇಷಕ್ಕೆ ಮಾತ್ರ ಹೊಸ ಬಣ್ಣ ಬಳಿದು ಮತ್ತೆ ಮಾರುವುದು ಬೇರೆಯೇ ವ್ಯವಹಾರ.

ಗೆದ್ದದ್ದನ್ನು ಹಿಂಬಾಲಿಸಿದರೆ ಸುರಕ್ಷಿತ ಎಂಬ ನಂಬಿಕೆಯೂ ಗಟ್ಟಿಯಲ್ಲ. ನಾಯಕರ ತಂಡ ಕಟ್ಟಿ ಗುಂಡಿನ ಕಾಳಗ ನಡೆಸುವ ಬಗೆ ಜನಪ್ರಿಯವಾದ ಮೇಲೆ ಸೋನಿ ಅದೇ ಬಗೆಯ ‘ಕಾಂಕಾರ್ಡ್’ ಆಟವನ್ನು 2024ರ ಆಗಸ್ಟ್ 23ರಂದು ಬಿಟ್ಟಿತು. ಆಡುವವರೇ ಬರದೆ ಸೆಪ್ಟೆಂಬರ್ 6ರಂದು ಅದನ್ನು ಹಿಂತೆಗೆದುಕೊಂಡಿತು.

ಮೊಬೈಲ್, ಅಳತೆ ಮತ್ತು ನಕಲು

2008ರಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆದಾಗ ಚಿಕ್ಕ ತಂಡಗಳಿಗೆ ಬಾಗಿಲು ತೆರೆದಂತಾಯಿತು. ಆದರೆ ಆಟ ಉಚಿತವಾಗಿ, ಹಣ ಒಳಗಿನ ಖರೀದಿಯಿಂದ ಮತ್ತು ಜಾಹೀರಾತಿನಿಂದ ಬರುವ ಪದ್ಧತಿ ಬೇರೂರಿದ ಮೇಲೆ ಆಟ ಕಟ್ಟುವವರ ಮುಂದಿನ ಪ್ರಶ್ನೆಯೇ ಬದಲಾಯಿತು. ಆಟ ಚೆನ್ನಾಗಿದೆಯೇ ಎಂಬುದಕ್ಕಿಂತ ಆಡಿದವರು ನಾಳೆ ಮತ್ತೆ ಬರುತ್ತಾರೆಯೇ, ಯಾವ ಕ್ಷಣದಲ್ಲಿ ದುಡ್ಡು ಕೊಡುತ್ತಾರೆ ಎಂಬುದು ಮುಖ್ಯವಾಯಿತು. ಪ್ರತಿ ಬೆರಳೊತ್ತೂ ಲೆಕ್ಕಕ್ಕೆ ಸಿಗುವುದರಿಂದ ಗೆದ್ದ ಆಟದ ಹಂತ, ಬಹುಮಾನ, ಕಾಯಿಸುವ ಹೊತ್ತು ಎಲ್ಲವೂ ಮುಂದಿನ ಆಟದ ಅಚ್ಚಾದವು.

ಜಿಂಗಾ ಸಂಸ್ಥೆಯ ‘ಫಾರ್ಮ್‌ವಿಲ್’ (2009) ಅದಕ್ಕೂ ಮುಂಚೆ ಬಂದಿದ್ದ ‘ಫಾರ್ಮ್ ಟೌನ್’ಗೆ ಬಹಳ ಹತ್ತಿರವಾಗಿತ್ತು. ‘ಕ್ಯಾಂಡಿ ಕ್ರಷ್ ಸಾಗಾ’ (2012) ನಿಂತಿರುವುದು ‘ಬಿಜ್ಯುವೆಲ್ಡ್’ (2001) ಜನಪ್ರಿಯಗೊಳಿಸಿದ, ಒಂದೇ ಬಣ್ಣದ ಮೂರನ್ನು ಸೇರಿಸುವ ಕಟ್ಟಳೆಯ ಮೇಲೆ. ಅದರ ಬೇರು 1994ರ ರಷ್ಯದ ‘ಶಾರಿಕಿ’ಯಲ್ಲಿದೆ. ನಕಲಿನ ವೇಗವನ್ನು ‘ಥ್ರೀಸ್’ ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ. ಸಂಖ್ಯೆಗಳನ್ನು ಸರಿಸಿ ಕೂಡಿಸುವ ಈ ಪುಟ್ಟ ಆಟವನ್ನು ಅದರ ರಚನಕಾರರು 14 ತಿಂಗಳು ತಿದ್ದಿ ತೀಡಿ 2014ರ ಫೆಬ್ರವರಿಯಲ್ಲಿ ಹೊರತಂದರು. ಕೆಲವೇ ವಾರಗಳಲ್ಲಿ ‘1024’ ಬಂತು. ಮಾರ್ಚ್‌ನಲ್ಲಿ ಇಟಲಿಯ 19ರ ಹುಡುಗ ಗೇಬ್ರಿಯೆಲೆ ಚಿರುಲ್ಲಿ ವಾರಾಂತ್ಯವೊಂದರಲ್ಲಿ ‘2048’ ಬರೆದು ಉಚಿತವಾಗಿ ಬಿಟ್ಟ. ಜಗತ್ತು ನೆನಪಿಟ್ಟುಕೊಂಡದ್ದು ‘2048’ನ್ನು.

2017ರಲ್ಲಿ ಬ್ರೆಂಡನ್ ಗ್ರೀನ್ ರೂಪಿಸಿದ ‘ಪಬ್‌ಜಿ’ ದ್ವೀಪವೊಂದಕ್ಕೆ ಇಳಿದು ಕೊನೆಯವರೆಗೆ ಉಳಿಯುವ ಕಾಳಗವನ್ನು ಜನಪ್ರಿಯಗೊಳಿಸಿತು. ಅದೇ ವರ್ಷ ‘ಫೋರ್ಟ್‌ನೈಟ್’ ಮತ್ತು ‘ಫ್ರೀ ಫೈರ್’ ಅದೇ ಕಟ್ಟಳೆಗೆ ಬಂದವು. 2019ರಲ್ಲಿ ‘ಏಪೆಕ್ಸ್ ಲೆಜೆಂಡ್ಸ್’, 2020ರಲ್ಲಿ ‘ವಾರ್‌ಜೋನ್’ ಬಂದವು. ಇವುಗಳಲ್ಲಿ ‘ಫೋರ್ಟ್‌ನೈಟ್’ ಕಟ್ಟಡ ಕಟ್ಟುವ ಚಮತ್ಕಾರವನ್ನು ಸೇರಿಸಿ ತನ್ನದೇ ಗುರುತು ಪಡೆಯಿತು. ಉಳಿದ ಅನೇಕವು ನಕ್ಷೆಯನ್ನೂ ಬಂದೂಕಿನ ಹೆಸರನ್ನೂ ಬದಲಿಸಿದವು.

ಕಾನೂನು ಈ ನಕಲನ್ನು ಪೂರ್ತಿ ತಡೆಯದು, ತಡೆಯಲೂ ಬಾರದು. ಕೃತಿಸ್ವಾಮ್ಯ ಇರುವುದು ಅಭಿವ್ಯಕ್ತಿಗೆ, ಕಲ್ಪನೆಗಲ್ಲ. ಭಾರತದ ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಮೆರಿಕದಲ್ಲಿ 2012ರ ‘ಟೆಟ್ರಿಸ್’ ಪ್ರಕರಣದ ತೀರ್ಪು ಕಟ್ಟಳೆಯನ್ನು ಎಲ್ಲರಿಗೂ ಬಿಟ್ಟು, ಕಾಣುವ ರೂಪದ ನಕಲನ್ನು ಮಾತ್ರ ತಪ್ಪೆಂದಿತು. ಕಟ್ಟಳೆಗೆ ಒಡೆತನ ಸಿಕ್ಕಿದ್ದರೆ ಚೆನ್ನೆಯ ನಾಲ್ಕು ಬಗೆಗಳಲ್ಲಿ ಮೂರು ಹುಟ್ಟುತ್ತಲೇ ಇರಲಿಲ್ಲ.

ಕರ್ನಾಟಕದ ಉದ್ಯಮ

ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದಾದ ಧ್ರುವ ಇಂಟರ‍್ಯಾಕ್ಟಿವ್ ಅನ್ನು ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದರು. ಅದಕ್ಕೆ ಹೆಸರು ತಂದದ್ದು ವಿದೇಶಿ ಆಟಗಳಿಗೆ ಮಾಡಿಕೊಟ್ಟ ಕಲಾಕೆಲಸ. ‘ಫೋರ್ಜಾ’ ಸರಣಿಯ ಕಾರುಗಳು ಅದರಲ್ಲಿ ಸೇರಿವೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು, 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ದ ತಯಾರಕ ಸಂಸ್ಥೆ ರಾಕ್‌ಸ್ಟಾರ್ ಪಡೆದು ತನ್ನ ಬೆಂಗಳೂರು ಸ್ಟುಡಿಯೊದೊಂದಿಗೆ ಸೇರಿಸಿಕೊಂಡಿತು. 2010ರಲ್ಲಿ ಜಿಂಗಾ ಬೆಂಗಳೂರಿಗೆ ಬಂತು. ಅಲ್ಲಿ ಪಳಗಿದವರು 2013ರಲ್ಲಿ ಕಟ್ಟಿದ ಮೂನ್‌ಫ್ರಾಗ್ ಲ್ಯಾಬ್ಸ್ ‘ತೀನ್ ಪತ್ತಿ ಗೋಲ್ಡ್’ನಿಂದ ಬೆಳೆದು 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಪಾಲಾಯಿತು.

ಈ ಚರಿತ್ರೆಯಲ್ಲಿ ಕೌಶಲಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ನಿರ್ಧಾರದ ಹಕ್ಕಿನಲ್ಲಿ. ಹೊರಗುತ್ತಿಗೆಯ ಕಲಾವಿದ ಕಾರಿನ ಬಾಗಿಲಿನ ಬೆಳಕನ್ನು ಕೂದಲೆಳೆಯಷ್ಟೂ ತಪ್ಪದಂತೆ ಮೂಡಿಸುತ್ತಾನೆ, ಆದರೆ ಕಾರು ಎಲ್ಲಿ ಓಡಬೇಕು, ಏಕೆ ಓಡಬೇಕು ಎಂಬುದನ್ನು ಬೇರೆ ದೇಶದಲ್ಲಿ ಕುಳಿತವರು ತೀರ್ಮಾನಿಸುತ್ತಾರೆ. ವೇಷದ ಪದರವಷ್ಟೇ ಇಲ್ಲಿಗೆ ಬರುತ್ತದೆ, ಕಟ್ಟಳೆ ಮತ್ತು ಕಥೆ ಅಲ್ಲೇ ಉಳಿಯುತ್ತವೆ.

2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ‘ಪಬ್‌ಜಿ ಮೊಬೈಲ್’ ನಿಷೇಧವಾದಾಗ ದೇಶೀಯ ಆಟಕ್ಕೆ ದೊಡ್ಡ ಅವಕಾಶ ಸಿಕ್ಕಿತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು ‘ಫೌಜಿ’ ಬಿಡುಗಡೆ ಮಾಡಿತು. ಕಥೆ ಗಡಿಯದ್ದಾದರೂ ಅದು ಹಿಡಿದದ್ದು ಆಗಲೇ ಪರಿಚಿತವಾದ ಕಾದಾಟದ ಜಾಡನ್ನೇ. ಅದೇ ವರ್ಷದ ಜುಲೈನಲ್ಲಿ ‘ಪಬ್‌ಜಿ’ಯ ಒಡೆತನದ ಸಂಸ್ಥೆ ಕ್ರಾಫ್ಟನ್ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಹಳೆಯ ಆಟವನ್ನೇ ಮರಳಿ ತಂದಿತು, ಆಡುವವರು ಅತ್ತ ಹೋದರು.

ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಅದು 2012ರ ಮಾತು. 2024ರಿಂದ 2029ರ ಅವಧಿಗೆ ಹೊಸ ನೀತಿಯೂ ಬಂದಿದೆ. ಇನ್ನೊಂದೆಡೆ, ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಂಥ ಹಣದ ಆಟಗಳು ಹೂಡಿಕೆಯ ದೊಡ್ಡ ಪಾಲನ್ನು ಸೆಳೆಯುತ್ತಿದ್ದವು. 2021ರಲ್ಲಿ ಕರ್ನಾಟಕ ತಂದ ನಿರ್ಬಂಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳಿಗೆ ಬೆಂಬಲದ ಮಾತಾಡಿದೆ. ಬಾಜಿಯನ್ನೇ ಬಂಡವಾಳ ಮಾಡಿಕೊಂಡಿದ್ದ ದಾರಿ ಮುಚ್ಚಿರುವಾಗ, ಕಲ್ಪನೆಯನ್ನು ಬಂಡವಾಳವಾಗಿಸುವ ಆಟಗಳಿಗೆ ನಿಜವಾದ ನೆರವು ದೊರೆಯಬೇಕಾಗಿದೆ.

ಎದುರು ಹರಿವು

ಸ್ವಂತಿಕೆ ಸತ್ತಿಲ್ಲ ಎಂಬುದಕ್ಕೂ ಸಾಕಷ್ಟು ಸಾಕ್ಷ್ಯವಿದೆ. ಯೂನಿಟಿಯಂಥ ಸಿದ್ಧ ಸಾಧನಗಳು ಬಂದ ಮೇಲೆ ಒಬ್ಬಿಬ್ಬರೇ ಆಟ ಕಟ್ಟಬಲ್ಲರು. ಸ್ಟೀಮ್ ಮಳಿಗೆಯೊಂದರಲ್ಲೇ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಆಟಗಳು ಬಂದವು. ‘ಪೇಪರ್ಸ್, ಪ್ಲೀಸ್’ (2013) ಗಡಿ ಠಾಣೆಯ ಗುಮಾಸ್ತನ ಮೊಹರಿನ ಹೊಡೆತವನ್ನೇ ನೈತಿಕ ಪರೀಕ್ಷೆಯಾಗಿಸಿತು. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ದುಡಿದು ‘ಸ್ಟಾರ್‌ಡ್ಯೂ ವ್ಯಾಲಿ’ (2016) ಮಾಡಿದರು. ‘ಬಾಬಾ ಈಸ್ ಯೂ’ (2019) ಕಟ್ಟಳೆಗಳನ್ನೇ ಪದಗಳಾಗಿ ಪರದೆಯ ಮೇಲಿಟ್ಟು, ಅವನ್ನು ತಳ್ಳಿ ಬದಲಿಸುವ ಹಕ್ಕನ್ನು ಆಡುವವರಿಗೆ ಕೊಟ್ಟಿತು. ಜಗಲಿಯ ಮಣೆಯಲ್ಲಿ ಇದ್ದ, ಕೋಡ್‌ನಲ್ಲಿ ಕಳೆದುಹೋಗಿದ್ದ ಹಕ್ಕು ಅದು. ‘ಬಾಲಾಟ್ರೊ’ (2024) ಹಳೆಯ ಪೋಕರ್ ಎಲೆಗಳಿಂದಲೇ ಹೊಸ ಆಟ ತೆಗೆಯಿತು. ಹೀಗೆ ತುದಿಯಲ್ಲಿ ಹರಿವು ಕಿರಿದಾಗಿದೆ, ಬುಡದಲ್ಲಿ ಅಗಲವಾಗಿದೆ. ಹೊಸ ಆಟಗಳು ಹುಟ್ಟುತ್ತಿವೆ, ಆದರೆ ಜಾಹೀರಾತಿನ ಬಲವಿಲ್ಲದೆ ಹೆಚ್ಚಿನವು ಆಡುವವರ ಕಣ್ಣಿಗೆ ಬೀಳುವುದಿಲ್ಲ.

ಸಣ್ಣ ಭಾಷೆ, ಸ್ಥಳೀಯ ಬದುಕುಗಳಿಂದ ಹುಟ್ಟಿದ ಆಟಗಳು ಈ ಹರಿವಿನಲ್ಲಿ ಎದ್ದು ಕಾಣುತ್ತವೆ. ಅಲಾಸ್ಕದ ಮೂಲನಿವಾಸಿಗಳ ಸಂಸ್ಥೆಯೊಂದಿಗೆ ಸೇರಿ ಮಾಡಿದ ‘ನೆವರ್ ಅಲೋನ್’ (2014) ಇನ್ಯುಪಿಯಾಟ್ ಜನರ ಭಾಷೆಯ ನಿರೂಪಣೆಯಲ್ಲೇ ಅವರ ಹಿರಿಯರ ಕಥೆ ಹೇಳಿತು. ಪುಣೆಯ ನಾಡಿಂಗ್ ಹೆಡ್ಸ್ ‘ರಾಜಿ’ಯನ್ನು 2020ರಲ್ಲಿ ತಂದಿತು. ಕೆನಡಾದ ವಿಸೈ ಗೇಮ್ಸ್‌ನ ‘ವೆಣ್ಬಾ’ (2023) ವಲಸೆ ಹೋದ ತಮಿಳು ತಾಯಿಯ ಅಡುಗೆಮನೆಯನ್ನೇ ಆಟವಾಗಿಸಿತು. ಅಳಿಸಿಹೋದ ಅಡುಗೆ ಪುಸ್ತಕದ ಸಾಲುಗಳನ್ನು ಊಹಿಸಿ ಇಡ್ಲಿ ಬೇಯಿಸುವುದು ಅದರ ಒಂದು ಹಂತ. ಅದು 2024ರಲ್ಲಿ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ ಪಡೆಯಿತು.

ಸಿನಿಮಾದಲ್ಲಿ ಇಂಥದ್ದೇ ಅನುಭವ ಕುಂದಾಪುರಕ್ಕೆ ಆಗಿದೆ. ಕೆರಾಡಿಯ ರಿಷಬ್ ಶೆಟ್ಟಿ ತಮ್ಮ ಊರಿನ ನೆಲದಲ್ಲೇ ಚಿತ್ರೀಕರಿಸಿದ ‘ಕಾಂತಾರ’ (2022) ಕರಾವಳಿಯ ಭೂತಾರಾಧನೆ, ಕಂಬಳ, ಕಾಡಿನ ಹಕ್ಕಿನ ತಕರಾರುಗಳನ್ನು ದೇಶದಾದ್ಯಂತ ತಲುಪಿಸಿತು. ಸ್ಥಳೀಯವಾದದ್ದು ಹೊರಗಿನವರಿಗೆ ಅರ್ಥವಾಗದು ಎಂಬ ಹೆದರಿಕೆ ಅಲ್ಲಿ ನಿಲ್ಲಲಿಲ್ಲ.

ಕರಾವಳಿಯ ಸಾಮಗ್ರಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಬದುಕಿನಲ್ಲಿ ಕಟ್ಟಳೆಯಾಗಬಲ್ಲ ವಸ್ತುಗಳು ಹೇರಳವಾಗಿವೆ. ಅಳಿವೆ ಬಾಗಿಲಲ್ಲಿ ಉಬ್ಬರ–ಇಳಿತ ನೋಡಿ ದೋಣಿ ಹಾಯಿಸುವುದು ಸಮಯದ ಆಟ. ಅರ್ಥಗಾರಿಕೆ ವಾದದ ಆಟ, ಅಲ್ಲಿ ಗುಂಡಿನ ಬದಲು ಮಾತಿನಿಂದ ಎದುರಾಳಿಯನ್ನು ಕಟ್ಟಿಹಾಕಬೇಕು. ಸೂತ್ರದ ಗೊಂಬೆ ಕೈಚಳಕದ ಆಟ. ಇವುಗಳಲ್ಲಿ ವೇಷವನ್ನು ಮಾತ್ರ ಎತ್ತಿಕೊಂಡು, ಓಡುವ ಆಟದ ನಾಯಕನಿಗೆ ಯಕ್ಷಗಾನದ ಕೇದಗೆ ಮುಂದಲೆ ಕಟ್ಟಿದರೆ ಅದು ಹಳೆಯ ಅಚ್ಚಿನ ಹೊಸ ಬಣ್ಣವಷ್ಟೇ. ಕುಂದಾಪ್ರ ಕನ್ನಡವನ್ನು ಸಂಭಾಷಣೆಗೆ ಬಳಸುವುದು ಇನ್ನೊಂದು ಹೆಜ್ಜೆ. 2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತಿರುವ ಜನಸಮೂಹ ಆ ಮಾತಿನ ಆಟವನ್ನು ಕೇಳಿ ಮೆಚ್ಚಬಲ್ಲದು.

ಚೆನ್ನೆಮಣೆಯಿಂದ ‘ಬಾಬಾ ಈಸ್ ಯೂ’ವರೆಗೆ, ಹರಕೆ ಆಟದಿಂದ ‘ವೆಣ್ಬಾ’ದವರೆಗೆ ಹೊಸತನ ಅರಳಿದ ಕಡೆಯೆಲ್ಲ ಮೂರು ಅಂಶಗಳು ಕೂಡಿಬಂದಿವೆ. ಸೋತರೂ ತಾಳಿಕೊಳ್ಳುವಷ್ಟು ಕಡಿಮೆ ಖರ್ಚು, ಕಟ್ಟಳೆ ತಿದ್ದುವ ಹಕ್ಕು, ಕಥೆಯನ್ನು ಬಲ್ಲ ಸಮೀಪದ ಪ್ರೇಕ್ಷಕರು. ಭಾರಿ ಬಂಡವಾಳದ ಆಟಗಳಲ್ಲಿ ಮೊದಲನೆಯದಿಲ್ಲ, ಹೊರಗುತ್ತಿಗೆಯಲ್ಲಿ ಎರಡನೆಯದಿಲ್ಲ, ಅಂಕಿ ನೋಡಿ ಕಟ್ಟುವ ಮೊಬೈಲ್ ಆಟಗಳಲ್ಲಿ ಮೂರನೆಯದಿಲ್ಲ. ಕರಾವಳಿಯಲ್ಲಿ ಮೂರನೆಯದು ಮೊದಲಿನಿಂದಲೂ ಇದೆ, ಅಗ್ಗದ ಕಂಪ್ಯೂಟರ್ ಮತ್ತು ಉಚಿತ ಸಾಧನಗಳಿಂದ ಮೊದಲನೆಯದು ಈಗ ಕೈಗೆಟುಕಿದೆ. ಎರಡನೆಯದನ್ನು ಆಟ ಕಟ್ಟುವವರು ತಾವೇ ಉಳಿಸಿಕೊಳ್ಳಬೇಕು.